ನಾಲ್ಕರಲ್ಲಿ ಮೂರು ಮುಂದಕ್ಕೆ: ಬ್ಯಾಸ್ಕೆಟ್‌ಬಾಲ್ ವಿಶ್ವಕಪ್ ಅರ್ಹತೆಯ ಲೆಕ್ಕ ಹಾಕುವುದು ಹೇಗೆ?

2022ರ ಜುಲೈ. ಮಾಟುಂಗದ ನಮ್ಮ ಮನೆಯಲ್ಲಿ ಹೊರಗೆ ಧೋ ಎಂದು ಮಳೆ. ಒಳಗೆ ಅಕ್ಕನ ಮಗ ಮೊಬೈಲ್ ಹಿಡಿದು ಕೂತಿದ್ದ. 'ಮಾಮ, ಇಂಡಿಯಾ ಎಲ್ಲಾ ಮ್ಯಾಚೂ ಸೋತಿದೆ. ಆದ್ರೂ ಮುಂದಿನ ರೌಂಡಲ್ಲಿ ಹೆಸರಿದೆ. ಹೇಗೆ?' ಎಂದು ಕೇಳಿದ. ನಾನು ಪತ್ರಿಕೆಯಿಂದ ತಲೆ ಎತ್ತದೆ 'ಯಾರೋ ತಪ್ಪಾಗಿ ಹಾಕಿರ್ತಾರೆ ಬಿಡು' ಎಂದೆ.

ತಪ್ಪಿದ್ದದ್ದು ನನ್ನ ಉತ್ತರದಲ್ಲಿ. ಭಾರತ ನಿಜವಾಗಿಯೂ ಮುಂದಿನ ಸುತ್ತಿಗೆ ಹೋಗಿತ್ತು. ನಾಲ್ಕು ಆಡಿ, ನಾಲ್ಕೂ ಸೋತು!

ಮೂವತ್ತು ವರ್ಷದಿಂದ ಬ್ಯಾಸ್ಕೆಟ್‌ಬಾಲ್ ನೋಡುವವನು ನಾನು. ಡಾನ್ ಬಾಸ್ಕೊ ಶಾಲೆಯ ಸ್ಯಾವಿಯೋ ಕಪ್‌ಗೆ ಸಂಜೆ ಹೊತ್ತು ಹೋಗಿ ಗೋಡೆ ಪಕ್ಕ ನಿಂತು ನೋಡಿದ್ದೇನೆ. ನಾಗಪಾಡಾದ ಕೋರ್ಟಿನಲ್ಲಿ ಹುಡುಗರು ಬೆವರು ಸುರಿಸುವುದನ್ನು ನೋಡಿದ್ದೇನೆ. ಆಟ ಗೊತ್ತಿತ್ತು, ಅರ್ಹತೆಯ ಲೆಕ್ಕ ಗೊತ್ತಿರಲಿಲ್ಲ. ಆ ದಿನ ಹುಡುಗನ ಎದುರು ಮರ್ಯಾದೆ ಹೋದ ಮೇಲೆ ಒಂದು ನೋಟ್‌ಬುಕ್ ತಂದು ಕಲಿತೆ. ಕಲಿತದ್ದನ್ನು ಹಂತ ಹಂತವಾಗಿ ಇಲ್ಲಿ ಬರೆದಿದ್ದೇನೆ. ಪೆನ್ಸಿಲ್ ಹತ್ತಿರ ಇಟ್ಟುಕೊಳ್ಳಿ. ಮಧ್ಯದಲ್ಲಿ ಸ್ವಲ್ಪ ಕೂಡಿಸಿ ಕಳೆಯುವುದಿದೆ.

ಹಂತ 1: ಯಾವ ಟೂರ್ನಿ ಅಂತ ಮೊದಲು ಗೊತ್ತುಮಾಡಿಕೊಳ್ಳಿ

ಏಷ್ಯಾ ಕಪ್, ವಿಶ್ವಕಪ್, ಒಲಿಂಪಿಕ್ಸ್ ಮೂರೂ ಬೇರೆ ಬೇರೆ. ಸುದ್ದಿಯಲ್ಲಿ ಬರೀ 'ಫಿಬಾ ಕ್ವಾಲಿಫೈಯರ್' ಎಂದು ಬರುತ್ತದೆ, ನಾವು ಗೊಂದಲಕ್ಕೆ ಬೀಳುತ್ತೇವೆ. ಫಿಬಾ ಅಂದರೆ ಈ ಆಟದ ಅಂತರರಾಷ್ಟ್ರೀಯ ಸಂಸ್ಥೆ, ಫುಟ್‌ಬಾಲಿಗೆ ಫಿಫಾ ಇದ್ದ ಹಾಗೆ. ಅದು ಏಷ್ಯಾ ಕಪ್ಪನ್ನೂ ನಡೆಸುತ್ತದೆ, ವಿಶ್ವಕಪ್ಪನ್ನೂ ನಡೆಸುತ್ತದೆ. ಎರಡಕ್ಕೂ ಕ್ವಾಲಿಫೈಯರ್ ಇದೆ.

ಈ ಲೇಖನದಲ್ಲಿ ಹಿಡಿದುಕೊಂಡಿರುವುದು ಪುರುಷರ ವಿಶ್ವಕಪ್. ಮುಂದಿನದು 2027ರ ಆಗಸ್ಟ್ 27ರಿಂದ ಸೆಪ್ಟೆಂಬರ್ 12ರವರೆಗೆ, ಕತಾರ್‌ನ ದೋಹಾದಲ್ಲಿ. ಸರಿಯಾಗಿ ಗಣಪತಿ ಹಬ್ಬದ ಹೊತ್ತಿಗೆ! ಮುಂಬೈಯವರು ಪೆಂಡಾಲಿಗೆ ಹೋಗುವುದೋ ಟಿವಿ ಮುಂದೆ ಕೂರುವುದೋ ಈಗಲೇ ಯೋಚಿಸಿಟ್ಟುಕೊಳ್ಳಬೇಕು.

ಹಂತ 2: 32 ಕುರ್ಚಿಗಳನ್ನು ಹಂಚಿ ನೋಡಿ

ವಿಶ್ವಕಪ್‌ನಲ್ಲಿ 32 ತಂಡ. ಆತಿಥೇಯ ಕತಾರ್‌ಗೆ ಒಂದು ಕುರ್ಚಿ ಮೊದಲೇ ಕಾದಿರಿಸಿದೆ. ಉಳಿದ 31ರಲ್ಲಿ ಯೂರೋಪಿಗೆ 12, ಅಮೆರಿಕ ಖಂಡಗಳಿಗೆ 7, ಆಫ್ರಿಕಾಗೆ 5, ಏಷ್ಯಾ ಮತ್ತು ಓಶಿಯಾನಿಯಾ ಸೇರಿ 7. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ನಮ್ಮ ಜೊತೆಗೇ ಬರುತ್ತವೆ. ನಮ್ಮ ಕಷ್ಟ ಅರ್ಧ ಅಲ್ಲಿಂದಲೇ ಶುರು.

ಆತಿಥೇಯರಿಗೆ ಕುರ್ಚಿ ಗ್ಯಾರಂಟಿ ಎಂದು ಕಣ್ಣು ಮುಚ್ಚಿ ನಂಬಬೇಡಿ. 2023ರ ವಿಶ್ವಕಪ್ಪನ್ನು ಫಿಲಿಪ್ಪೀನ್ಸ್, ಜಪಾನ್, ಇಂಡೋನೇಷ್ಯಾ ಸೇರಿ ನಡೆಸಿದವು. ಮೊದಲ ಎರಡಕ್ಕೆ ನೇರ ಪ್ರವೇಶ ಸಿಕ್ಕಿತು. ಇಂಡೋನೇಷ್ಯಾಗೆ ಮಾತ್ರ ಒಂದು ಷರತ್ತು ಹಾಕಿದ್ದರು: ಏಷ್ಯಾ ಕಪ್‌ನಲ್ಲಿ ಮೊದಲ ಎಂಟರೊಳಗೆ ಬರಬೇಕು. 2022ರಲ್ಲಿ ಆ ಏಷ್ಯಾ ಕಪ್ ನಡೆದದ್ದೂ ಜಕಾರ್ತಾದಲ್ಲೇ. ಎಂಟರ ಬಾಗಿಲಲ್ಲಿ ಚೀನಾ ಎದುರು ಸೋತರು. ಹೀಗಾಗಿ ವಿಶ್ವಕಪ್ ಅವರ ಊರಿನಲ್ಲಿ, ಆಡಿದವರು ಬೇರೆಯವರು. ಮದುವೆಗೆ ಛತ್ರ ಕೊಟ್ಟು ಊಟಕ್ಕೆ ಕರೆ ಬರದ ಹಾಗೆ.

ಹಂತ 3: ಏಣಿಯನ್ನು ಕೆಳಗಿನಿಂದ ಹತ್ತಿ

ವಿಶ್ವಕಪ್ ಅರ್ಹತಾ ಪಂದ್ಯಗಳಲ್ಲಿ ಆಡುವುದಕ್ಕೇ ಒಂದು ಅರ್ಹತೆ ಬೇಕು. ಒಟ್ಟು 80 ದೇಶಗಳಿಗೆ ಅಲ್ಲಿ ಜಾಗ: ಯೂರೋಪಿನಿಂದ 32, ಉಳಿದ ಮೂರು ವಿಭಾಗಗಳಿಂದ ತಲಾ 16.

ಏಷ್ಯಾದಲ್ಲಿ ಆ 16 ಯಾರು? ಏಷ್ಯಾ ಕಪ್ ಆಡಿದ 16 ತಂಡಗಳೇ. ಹಾಗಾಗಿ ಏಷ್ಯಾ ಕಪ್‌ಗೆ ಹೋಗುವುದು ಬರೀ ಆ ಕಪ್ಪಿನ ಆಸೆಗಲ್ಲ. ಅಲ್ಲಿಗೆ ಕಾಲಿಟ್ಟರೆ ವಿಶ್ವಕಪ್ ಏಣಿಯ ಮೊದಲ ಮೆಟ್ಟಿಲೂ ಸಿಕ್ಕಿತು. ಭಾರತಕ್ಕೆ ಈ ಸಲ ಆದದ್ದು ಹೀಗೇ. 2025ರ ಮಾರ್ಚ್‌ನಲ್ಲಿ ಮನಾಮಾದಲ್ಲಿ ಕೊನೆಯ ಅವಕಾಶದ ಟೂರ್ನಿ ಇತ್ತು. ಅಲ್ಲಿ ಇರಾಕ್ ಮತ್ತು ಆತಿಥೇಯ ಬಹ್ರೇನ್ ಎರಡನ್ನೂ ಸೋಲಿಸಿ ಏಷ್ಯಾ ಕಪ್‌ಗೆ ಟಿಕೆಟ್ ಪಡೆದರು. ಆಗಸ್ಟ್‌ನಲ್ಲಿ ಜೆದ್ದಾದಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಜೋರ್ಡಾನ್ ಎದುರು ಹೆಚ್ಚುವರಿ ಸಮಯದವರೆಗೆ ಎಳೆದು ಸೋತರು. ಕಪ್ ಗೆದ್ದದ್ದು ಆಸ್ಟ್ರೇಲಿಯಾ, ಚೀನಾ ಎದುರು ಒಂದೇ ಪಾಯಿಂಟಿನಿಂದ.

ಮನಾಮಾದ ಆ ಎರಡು ಗೆಲುವಿನ ಬಗ್ಗೆ ನಮ್ಮ ಪತ್ರಿಕೆಗಳಲ್ಲಿ ಎಷ್ಟು ಸಾಲು ಬಂತು? ನಾನು ಹುಡುಕಿ ಹುಡುಕಿ ಸುಸ್ತಾದೆ. ಅದು ಐಪಿಎಲ್ ಶುರುವಾಗುವ ತಿಂಗಳು, ಬಿಡಿ.

ಹಂತ 4: ಮೊದಲ ಸುತ್ತನ್ನು ಓದಿ

16 ತಂಡಗಳನ್ನು ನಾಲ್ಕು ಗುಂಪು ಮಾಡುತ್ತಾರೆ. ಗುಂಪಿಗೆ ನಾಲ್ಕು ತಂಡ. ಪ್ರತಿಯೊಬ್ಬರೂ ಉಳಿದ ಮೂವರ ಜೊತೆ ಎರಡೆರಡು ಸಲ ಆಡುತ್ತಾರೆ, ಒಮ್ಮೆ ತವರಲ್ಲಿ, ಒಮ್ಮೆ ಎದುರಾಳಿಯ ಊರಲ್ಲಿ. ಒಟ್ಟು ಆರು ಪಂದ್ಯ. ನಾಲ್ಕರಲ್ಲಿ ಮೂರು ತಂಡ ಮುಂದಕ್ಕೆ, ಒಂದು ಮನೆಗೆ.

ಈ ವಾಕ್ಯವನ್ನು ಇನ್ನೊಮ್ಮೆ ಓದಿ. ಇಡೀ ಲೆಕ್ಕದ ಕೀಲಿ ಇರುವುದು ಇಲ್ಲೇ. ಮೊದಲ ಸುತ್ತಿನಲ್ಲಿ ಪ್ರಶ್ನೆ 'ಯಾರು ಗೆಲ್ಲುತ್ತಾರೆ' ಅಲ್ಲ, 'ಯಾರು ನಾಲ್ಕನೆಯವರು' ಅನ್ನುವುದು. ಗುಂಪಿನ ದೊಡ್ಡ ತಂಡದ ಎದುರು 40 ಪಾಯಿಂಟಿನಿಂದ ಸೋತರೆ ತಲೆ ಮೇಲೆ ಕೈ ಹೊತ್ತು ಕೂರಬೇಕಿಲ್ಲ. ನಿಮ್ಮಷ್ಟೇ ಬಲದ ತಂಡವನ್ನು ಸೋಲಿಸಿದರೆ ಆಯಿತು.

2019ರ ವಿಶ್ವಕಪ್ ಅರ್ಹತೆಯನ್ನೇ ತೆಗೆದುಕೊಳ್ಳಿ. ಭಾರತದ ಗುಂಪಿನಲ್ಲಿ ಜೋರ್ಡಾನ್, ಲೆಬನಾನ್, ಸಿರಿಯಾ ಇದ್ದವು. ಜೋರ್ಡಾನ್, ಲೆಬನಾನ್ ನಮಗಿಂತ ಬಲು ಮೇಲೆ. ಉಳಿದದ್ದು ಸಿರಿಯಾ. ಯುದ್ಧದಿಂದ ನಲುಗಿದ ದೇಶ. ಆ ಸಿರಿಯಾ ನಮ್ಮನ್ನು ಎರಡು ಸಲವೂ ಸೋಲಿಸಿತು. ಅವರು ಗೆದ್ದದ್ದು ಆ ಎರಡೇ. ಆ ಎರಡರ ಬಲದ ಮೇಲೆ ಮೂರನೆಯವರಾಗಿ ಮುಂದೆ ಹೋದರು. ನಾವು ಆರಕ್ಕೆ ಆರು ಸೋತು ಮನೆಗೆ ಬಂದೆವು. ಸಿರಿಯಾ ಜೊತೆಗಿನ ಒಂದು ಪಂದ್ಯ ನಡೆದದ್ದು ನಮ್ಮದೇ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ, 2017ರ ನವೆಂಬರ್‌ನಲ್ಲಿ. ಮುಂಬೈಯಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಒಂದು ಹಗಲು ಒಂದು ರಾತ್ರಿ, ಅಷ್ಟೇ. ನಾನು ಹೋಗಲಿಲ್ಲ. ಲೆಬನಾನ್ ಬರುವಾಗ ಹೋದರಾಯಿತು, ಅದು ದೊಡ್ಡ ತಂಡ ಅಂದುಕೊಂಡೆ. ಲೆಕ್ಕ ಗೊತ್ತಿದ್ದರೆ ಸಿರಿಯಾ ಪಂದ್ಯಕ್ಕೇ ಹೋಗುತ್ತಿದ್ದೆ. ನಮ್ಮ ಫೈನಲ್ ಅದೇ ಆಗಿತ್ತು.

ಆದ್ದರಿಂದ ಗುಂಪು ಗೊತ್ತಾದ ದಿನವೇ ಒಂದು ಕೆಲಸ ಮಾಡಿ. ನಾಲ್ಕು ಹೆಸರು ಬರೆಯಿರಿ. ಮೂರನೇ ಜಾಗಕ್ಕೆ ಯಾರು ಯಾರು ಗುದ್ದಾಡಬಹುದು ನೋಡಿ. ಆ ಇಬ್ಬರ ನಡುವಿನ ಎರಡು ಪಂದ್ಯಗಳಿಗೆ ಕೆಂಪು ಗುರುತು ಹಾಕಿ. ರಜೆ ಹಾಕುವುದಿದ್ದರೆ ಆ ದಿನಗಳಿಗೆ ಹಾಕಿ. 2027ಕ್ಕೆ ಭಾರತ ಇರುವ ಡಿ ಗುಂಪಿನಲ್ಲಿ ಲೆಬನಾನ್, ಸೌದಿ ಅರೇಬಿಯಾ, ಕತಾರ್ ಇವೆ. ಕತಾರ್ ಆತಿಥೇಯ ಆಗಿದ್ದರೂ ಅರ್ಹತಾ ಪಂದ್ಯ ಆಡುತ್ತದೆ. 2023ರ ಆತಿಥೇಯರಾದ ಜಪಾನ್, ಫಿಲಿಪ್ಪೀನ್ಸ್ ಕೂಡ ಹೀಗೇ ಆಡಿದ್ದವು.

ಹಂತ 5: ಪಾಯಿಂಟ್ ಪಟ್ಟಿಯನ್ನು ನೀವೇ ಬರೆಯಿರಿ

ಇದೇ ಮುಖ್ಯ ಭಾಗ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಗೆದ್ದರೆ 2 ಪಾಯಿಂಟ್. ಸೋತರೆ 1. ಹೌದು, ಸೋತರೂ ಒಂದು ಸಿಗುತ್ತದೆ. ಮೈದಾನಕ್ಕೇ ಬರದೆ ಪಂದ್ಯ ಬಿಟ್ಟುಕೊಟ್ಟರೆ 0, ಸ್ಕೋರು 20-0 ಎಂದು ಬರೆಯುತ್ತಾರೆ. ಡ್ರಾ ಅನ್ನುವುದೇ ಇಲ್ಲ. 40 ನಿಮಿಷ ಆಡಿ ಸಮ ಆದರೆ ಇನ್ನೂ ಐದು ನಿಮಿಷ, ಆಗಲೂ ಸಮ ಆದರೆ ಮತ್ತೆ ಐದು.

ಸೋತವರಿಗೆ ಯಾಕೆ ಒಂದು? ಬಂದು ಆಡಿದ್ದಕ್ಕೆ. ಬರದವನಿಗೂ ಬಂದು ಸೋತವನಿಗೂ ವ್ಯತ್ಯಾಸ ಇರಬೇಕಲ್ವಾ.

ಇಷ್ಟು ಸುಲಭ. ಕಷ್ಟ ಬರುವುದು ಪಾಯಿಂಟ್ ಸಮ ಆದಾಗ. ಕ್ರಿಕೆಟ್ ನೋಡಿ ಬೆಳೆದ ನಮಗೆ ತಕ್ಷಣ ನೆಟ್ ರನ್ ರೇಟ್ ನೆನಪಾಗುತ್ತದೆ. ಐಪಿಎಲ್‌ನಲ್ಲಿ ಎಲ್ಲ ಪಂದ್ಯಗಳ ರನ್ ರೇಟ್ ನೋಡುತ್ತಾರೆ. ಇಲ್ಲಿ ಹಾಗಲ್ಲ. ಇಲ್ಲಿ ಮೊದಲು ನೋಡುವುದು ಸಮ ಆದ ತಂಡಗಳು ತಮ್ಮತಮ್ಮೊಳಗೆ ಆಡಿದ ಪಂದ್ಯಗಳನ್ನು ಮಾತ್ರ. ಬೇರೆಯವರ ಜೊತೆ ಎಷ್ಟು ಹೊಡೆದಿರಿ, ಎಷ್ಟು ತಿಂದಿರಿ ಸದ್ಯಕ್ಕೆ ಲೆಕ್ಕಕ್ಕಿಲ್ಲ.

ಒಂದು ಉದಾಹರಣೆ ಮಾಡೋಣ. ದೇಶಗಳ ಹೆಸರು ಬೇಡ, ಸೆಂಟ್ರಲ್ ಲೈನಿನ ಸ್ಟೇಷನ್‌ಗಳನ್ನೇ ತಂಡ ಮಾಡೋಣ: ದಾದರ್, ಮಾಟುಂಗ, ಸಯನ್, ಕುರ್ಲಾ. ಕುರ್ಲಾ ಬಲಶಾಲಿ, ಆರಕ್ಕೆ ಆರು ಗೆದ್ದಿತು, 12 ಪಾಯಿಂಟ್. ಉಳಿದ ಮೂವರೂ ತವರಲ್ಲಿ ಒಬ್ಬರನ್ನೊಬ್ಬರು ಸೋಲಿಸಿದರು. ಮೂವರಿಗೂ ಎರಡು ಗೆಲುವು, ನಾಲ್ಕು ಸೋಲು. ಎರಡು ಗೆಲುವಿಗೆ 4, ನಾಲ್ಕು ಸೋಲಿಗೆ 4, ಒಟ್ಟು 8. ಮೂವರೂ ಸಮ. ಒಬ್ಬರು ಮನೆಗೆ ಹೋಗಬೇಕು. ಯಾರು?

ಅವರೊಳಗಿನ ಗೆಲುವುಗಳೂ ಸಮ, ಹಾಗಾಗಿ ಆ ಪಂದ್ಯಗಳ ಸ್ಕೋರಿನ ವ್ಯತ್ಯಾಸ ನೋಡಬೇಕು. ಸ್ಕೋರುಗಳು ಹೀಗಿವೆ ಅಂದುಕೊಳ್ಳಿ. ಮಾಟುಂಗ ದಾದರ್ ಅನ್ನು 80-70ರಿಂದ ಸೋಲಿಸಿತು. ದಾದರ್ ತನ್ನ ಮನೆಯಲ್ಲಿ ಮಾಟುಂಗವನ್ನು 75-72ರಿಂದ ಸೋಲಿಸಿತು. ದಾದರ್ ಸಯನ್ ಅನ್ನು 85-73ರಿಂದ, ಸಯನ್ ದಾದರ್ ಅನ್ನು 68-66ರಿಂದ. ಸಯನ್ ಮಾಟುಂಗವನ್ನು 77-71ರಿಂದ, ಮಾಟುಂಗ ಸಯನ್ ಅನ್ನು 70-69ರಿಂದ.

ಈಗ ಪೆನ್ಸಿಲ್ ತೆಗೆಯಿರಿ. ಮಾಟುಂಗಕ್ಕೆ ದಾದರ್ ಜೊತೆ 10 ಹೆಚ್ಚು, 3 ಕಡಿಮೆ: 7 ಲಾಭ. ಸಯನ್ ಜೊತೆ 6 ಕಡಿಮೆ, 1 ಹೆಚ್ಚು: 5 ನಷ್ಟ. ಒಟ್ಟು 2 ಲಾಭ. ದಾದರ್‌ಗೆ ಮಾಟುಂಗ ಜೊತೆ 7 ನಷ್ಟ, ಸಯನ್ ಜೊತೆ 12 ಹೆಚ್ಚು 2 ಕಡಿಮೆ ಅಂದರೆ 10 ಲಾಭ. ಒಟ್ಟು 3 ಲಾಭ. ಸಯನ್‌ಗೆ ಮಾಟುಂಗ ಜೊತೆ 5 ಲಾಭ, ದಾದರ್ ಜೊತೆ 10 ನಷ್ಟ. ಒಟ್ಟು 5 ನಷ್ಟ. ಹಾಗಾಗಿ ದಾದರ್ ಎರಡನೆಯದು, ಮಾಟುಂಗ ಮೂರನೆಯದು, ಸಯನ್ ಮನೆಗೆ. ಮೂರನ್ನೂ ಕೂಡಿಸಿದರೆ ಸೊನ್ನೆ ಬರಬೇಕು. ಬರಲಿಲ್ಲ ಅಂದರೆ ಎಲ್ಲೋ ತಪ್ಪಿದ್ದೀರಿ.

ಮಜಾ ಇರುವುದು ಮುಂದೆ. ಸಯನ್ ದಾದರ್‌ನಲ್ಲಿ 85-73ರಿಂದ ಸೋತಿತಲ್ಲ. ಆ ಪಂದ್ಯದ ಕೊನೆಯಲ್ಲಿ ಸಯನ್ ಇನ್ನೂ 8 ಪಾಯಿಂಟ್ ಹೊಡೆದು 85-81ರಿಂದ ಸೋತಿದ್ದರೆ? ಸೋಲು ಸೋಲೇ. ಆದರೆ ಲೆಕ್ಕ ಪೂರ್ತಿ ತಲೆಕೆಳಗು. ಸಯನ್‌ಗೆ ಒಟ್ಟು 3 ಲಾಭ. ಮಾಟುಂಗ ಅದೇ 2 ಲಾಭ. ದಾದರ್‌ಗೆ 5 ನಷ್ಟ. ಮನೆಗೆ ಹೋಗುವುದು ದಾದರ್! ಗೆದ್ದ ಪಂದ್ಯದಲ್ಲಿ ಕೊನೆಗೆ ಸ್ವಲ್ಪ ಸಡಿಲ ಬಿಟ್ಟಿದ್ದಕ್ಕೆ.

ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ ನೋಡಿ ಬೆಳೆದವರಿಗೆ ಅರ್ಹತಾ ಪಂದ್ಯಗಳ ಕೊನೆಯ ನಿಮಿಷ ವಿಚಿತ್ರ ಅನ್ನಿಸುವುದು ಇದಕ್ಕೇ. ಅಲ್ಲಿ ಗೆಲುವು ಖಚಿತ ಆದ ಮೇಲೆ ಚೆಂಡು ಹಿಡಿದು ಸುಮ್ನೆ ನಿಲ್ಲುವುದು ಮರ್ಯಾದೆ. ಇಲ್ಲಿ 15 ಪಾಯಿಂಟ್ ಮುಂದಿದ್ದವರೂ ಕೊನೆಯ ಸೆಕೆಂಡಿನಲ್ಲಿ ತ್ರೀ ಪಾಯಿಂಟರ್ ಎಸೆಯುತ್ತಾರೆ. ಸೋತವರು ಕೊನೆಯ ಫ್ರೀ ಥ್ರೋಗೂ ಜೀವ ಬಿಡುತ್ತಾರೆ. ಪ್ರತಿ ಪಾಯಿಂಟೂ ಎಂಟು ತಿಂಗಳ ನಂತರ ಬೇಕಾಗಬಹುದು ಎಂದು ಅವರಿಗೆ ಗೊತ್ತು. ಹಾಗಾಗಿ ಸೋಲು ಖಚಿತ ಎಂದು ಟಿವಿ ಆಫ್ ಮಾಡಬೇಡಿ.

ಆ ವ್ಯತ್ಯಾಸವೂ ಸಮ ಬಂದರೆ ತಮ್ಮೊಳಗಿನ ಪಂದ್ಯಗಳಲ್ಲಿ ಯಾರು ಹೆಚ್ಚು ಪಾಯಿಂಟ್ ಹೊಡೆದರು ನೋಡುತ್ತಾರೆ. ಅದೂ ಸಮ ಆದರೆ ಮಾತ್ರ ಗುಂಪಿನ ಎಲ್ಲ ಪಂದ್ಯಗಳ ವ್ಯತ್ಯಾಸಕ್ಕೆ ಬರುತ್ತಾರೆ. ಕುರ್ಲಾ ಜೊತೆ ತಿಂದ ಪೆಟ್ಟು ಆಗ ಲೆಕ್ಕಕ್ಕೆ ಬರುತ್ತದೆ.

ಹಂತ 6: ಎರಡನೇ ಸುತ್ತಿಗೆ ಹಳೆ ಸಾಲವೂ ಬರುತ್ತದೆ

ನಾಲ್ಕು ಗುಂಪಿನಿಂದ ಮೂರು ಮೂರು, ಅಂದರೆ 12 ತಂಡ ಉಳಿದವು. ಎರಡೆರಡು ಗುಂಪು ಸೇರಿಸಿ ಆರು ತಂಡಗಳ ಎರಡು ದೊಡ್ಡ ಗುಂಪು ಮಾಡುತ್ತಾರೆ. ಹಳೆಯ ಗುಂಪಿನವರ ಜೊತೆ ಮತ್ತೆ ಆಟ ಇಲ್ಲ. ಆ ಕಡೆಯಿಂದ ಬಂದ ಮೂವರ ಜೊತೆ ತವರು, ಹೊರಗೆ ಎರಡೆರಡು, ಇನ್ನೂ ಆರು ಪಂದ್ಯ.

ಹೊಸ ಸುತ್ತು ಅಂದರೆ ಹೊಸ ಪುಸ್ತಕ ಅಂದುಕೊಳ್ಳಬೇಡಿ. ಮೊದಲ ಸುತ್ತಿನ ಗೆಲುವು ಸೋಲುಗಳನ್ನು ಹೊತ್ತುಕೊಂಡೇ ಬರಬೇಕು. ಮೊದಲ ಸುತ್ತಿನಲ್ಲಿ ಒಂದೂ ಗೆಲ್ಲದೆ ಅಥವಾ ಒಂದೇ ಗೆದ್ದು ತೂರಿಕೊಂಡು ಬಂದವರಿಗೆ ಇಲ್ಲಿ ಬೆಟ್ಟ ಹತ್ತಿದ ಹಾಗೆ. ಮೂರನೆಯವರಾಗಿ ಬಂದರೆ ಸಾಕು ಎಂದು ನಾನು ಹೇಳಿದೆನಲ್ಲ, ಅದು ಮುಂದಿನ ಸುತ್ತಿಗೆ ಸಾಕು, ವಿಶ್ವಕಪ್‌ಗೆ ಸಾಲದು.

ಏಷ್ಯಾ ಮತ್ತು ಅಮೆರಿಕದಲ್ಲಿ ಪ್ರತಿ ದೊಡ್ಡ ಗುಂಪಿನ ಮೊದಲ ಮೂವರು, ಜೊತೆಗೆ ನಾಲ್ಕನೇ ಸ್ಥಾನದ ಇಬ್ಬರಲ್ಲಿ ಯಾರ ದಾಖಲೆ ಚೆನ್ನಾಗಿದೆಯೋ ಅವರು, ಹೀಗೆ ಏಳು. ಆಫ್ರಿಕಾದಲ್ಲಿ ಮೊದಲ ಇಬ್ಬಿಬ್ಬರು ಮತ್ತು ಮೂರನೆಯವರಲ್ಲಿ ಒಬ್ಬರು, ಐದು. ಯೂರೋಪಿನಲ್ಲಿ ಆರು ತಂಡಗಳ ನಾಲ್ಕು ಗುಂಪು, ತಲಾ ಮೂವರು, ಹನ್ನೆರಡು. ಆತಿಥೇಯರು ಏಷ್ಯಾದವರೇ ಆದಾಗ ಅವರ ಕುರ್ಚಿ ಮೊದಲೇ ತುಂಬಿರುತ್ತದೆ. ಹಾಗಾಗಿ ಪಟ್ಟಿಯಲ್ಲಿ ಅವರ ಹೆಸರಿನ ಪಕ್ಕ ಒಂದು ನಕ್ಷತ್ರ ಹಾಕಿಟ್ಟುಕೊಳ್ಳಿ.

ಈಗ 2022ರ ಒಗಟಿಗೆ ಉತ್ತರ. ಆಗ ಭಾರತದ ಗುಂಪಿನಲ್ಲಿ ನ್ಯೂಜಿಲೆಂಡ್, ಫಿಲಿಪ್ಪೀನ್ಸ್, ದಕ್ಷಿಣ ಕೊರಿಯಾ ಇದ್ದವು. ಫೆಬ್ರವರಿಯಲ್ಲಿ ಮನಿಲಾದಲ್ಲಿ ಪಂದ್ಯಗಳಿದ್ದವು. ಕೊರಿಯಾ ತಂಡದಲ್ಲಿ ಕೋವಿಡ್ ಕಾಣಿಸಿತು, ಅವರು ಹೋಗಲಿಲ್ಲ. ಫಿಬಾ ಅವರನ್ನು ಅರ್ಹತೆಯಿಂದಲೇ ಹೊರಗೆ ಹಾಕಿತು. ನಾಲ್ವರಲ್ಲಿ ಒಬ್ಬರು ಹೋದರೆ ಉಳಿದದ್ದು ಮೂವರು. ಮುಂದೆ ಹೋಗುವವರೂ ಮೂವರು. ನಾವು ನಾಲ್ಕೂ ಸೋತು ಮೂರನೆಯವರಾದೆವು! ಮುಂದಿನ ಸುತ್ತಿನಲ್ಲಿ ಲೆಬನಾನ್, ಜೋರ್ಡಾನ್, ಸೌದಿ ಅರೇಬಿಯಾ ಎದುರಾದವು. ವಿಶ್ವಕಪ್ ಸಿಗಲಿಲ್ಲ. ಭಾರತ ಇವತ್ತಿನವರೆಗೆ ಒಮ್ಮೆಯೂ ವಿಶ್ವಕಪ್ ಆಡಿಲ್ಲ.

ಇದು ಮೊದಲ ಸಲವೂ ಅಲ್ಲ. ನಮ್ಮ ಪುರುಷರ ತಂಡ ಒಲಿಂಪಿಕ್ಸ್ ಆಡಿದ್ದು ಒಂದೇ ಸಲ, 1980ರಲ್ಲಿ ಮಾಸ್ಕೋದಲ್ಲಿ. ಅದೂ ಬಹಿಷ್ಕಾರ ಹಾಕಿ ಬೇರೆಯವರು ಬಿಟ್ಟುಹೋದ ಜಾಗದಲ್ಲಿ. ಒಂದೂ ಪಂದ್ಯ ಗೆಲ್ಲಲಿಲ್ಲ. ಎರಡೂ ಸಲ ನಮಗೆ ಬಾಗಿಲು ತೆರೆದದ್ದು ಬೇರೆ ಯಾರೋ ಬರಲಿಲ್ಲ ಅಂತ. ಲೋಕಲ್ ಟ್ರೇನಿನಲ್ಲಿ ಎದುರಿನವನು ಸಯನ್‌ನಲ್ಲಿ ಇಳಿದಿದ್ದಕ್ಕೆ ಸೀಟು ಸಿಕ್ಕ ಹಾಗೆ. ಕೂತದ್ದಂತೂ ನಿಜ.

ಹಂತ 7: ಕ್ಯಾಲೆಂಡರ್ ನೋಡಿ, ಯಾರು ಬರುವುದಿಲ್ಲ ತಿಳಿದುಕೊಳ್ಳಿ

ಈ ಪಂದ್ಯಗಳು ಒಟ್ಟಿಗೆ ನಡೆಯುವುದಿಲ್ಲ. ಕೆಲವು ತಿಂಗಳಿಗೊಮ್ಮೆ ಒಂದು ವಾರದ ಕಿಟಕಿ ತೆರೆಯುತ್ತದೆ. ಅದನ್ನು ವಿಂಡೋ ಎಂದೇ ಕರೆಯುತ್ತಾರೆ. ಒಂದು ವಿಂಡೋದಲ್ಲಿ ಎರಡು ಪಂದ್ಯ. 2027ರ ಅರ್ಹತೆಗೆ ಆರು ವಿಂಡೋ: 2025ರ ನವೆಂಬರ್‌ನಲ್ಲಿ ಶುರು, 2027ರ ಮಾರ್ಚ್‌ನಲ್ಲಿ ಮುಕ್ತಾಯ. ಮೊದಲ ಮೂರು ವಿಂಡೋ ಮೊದಲ ಸುತ್ತಿಗೆ, ಉಳಿದ ಮೂರು ಎರಡನೆಯದಕ್ಕೆ.

ಈ ಪದ್ಧತಿ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೆ ಮೊದಲು ಖಂಡದ ಕಪ್‌ನಲ್ಲಿ ಚೆನ್ನಾಗಿ ಆಡಿದರೆ ವಿಶ್ವಕಪ್‌ಗೆ ಹೋಗುತ್ತಿದ್ದರು. ಈಗ ಪ್ರತಿ ದೇಶಕ್ಕೂ ತವರಿನಲ್ಲಿ ಪಂದ್ಯ ಸಿಗುತ್ತದೆ, ಊರಿನ ಹುಡುಗರು ತಮ್ಮ ತಂಡವನ್ನು ಕಣ್ಣಾರೆ ನೋಡುತ್ತಾರೆ. ಅದು ನನಗೆ ಇಷ್ಟ. ಆದರೆ ತೊಂದರೆ ಏನೆಂದರೆ ನವೆಂಬರ್, ಫೆಬ್ರವರಿ ವಿಂಡೋಗಳಿಗೆ ಎನ್‌ಬಿಎ ನಿಲ್ಲುವುದಿಲ್ಲ. ಯೂರೋಪಿನ ಕ್ಲಬ್‌ಗಳ ಟೂರ್ನಿ ಯೂರೋಲೀಗ್ ಜೊತೆಗೂ ಇದೇ ಜಗಳ. ದೊಡ್ಡ ಆಟಗಾರರು ಬರುವುದಿಲ್ಲ.

ಪರಿಣಾಮ? 2017ರಲ್ಲಿ ಸ್ಲೊವೇನಿಯಾ ಯೂರೋಪಿನ ಚಾಂಪಿಯನ್ ಆಯಿತು, ತಂಡದಲ್ಲಿ ಹದಿಹರೆಯದ ಲೂಕಾ ಡಾನ್ಚಿಚ್ ಇದ್ದ. ಎರಡು ತಿಂಗಳಿಗೆ ಅರ್ಹತಾ ಪಂದ್ಯ ಶುರುವಾದವು. ಅದೇ ಸ್ಲೊವೇನಿಯಾ 2019ರ ವಿಶ್ವಕಪ್‌ಗೆ ಹೋಗಲೇ ಇಲ್ಲ. ಅಮೆರಿಕ ಆ ಪಂದ್ಯಗಳಿಗೆ ಎನ್‌ಬಿಎಯ ಕೆಳಗಿನ ಜಿ ಲೀಗ್‌ನ ಹುಡುಗರನ್ನು ಕಳಿಸಿತು, ಜೆಫ್ ವ್ಯಾನ್ ಗಂಡಿ ಕೋಚ್. ಆ ಹುಡುಗರು ಟಿಕೆಟ್ ಗಳಿಸಿಕೊಟ್ಟರು, ವಿಶ್ವಕಪ್ ಆಡಲು ಎನ್‌ಬಿಎಯವರು ಹೋದರು, ಏಳನೇ ಸ್ಥಾನಕ್ಕೆ ಬಂದರು. ಅಡುಗೆ ಮಾಡಿದವರು ಒಬ್ಬರು, ಬಡಿಸಿದವರು ಒಬ್ಬರು.

ಆದ್ದರಿಂದ ಒಂದು ದೇಶದ ಹೆಸರು ನೋಡಿ ಹೆದರಬೇಡಿ. ವಿಂಡೋಗೆ ಎರಡು ದಿನ ಮೊದಲು 12 ಆಟಗಾರರ ಪಟ್ಟಿ ನೋಡಿ.

ಹಂತ 8: ಪಟ್ಟಿಯಲ್ಲಿ ಒಬ್ಬ 'ಹೊರಗಿನವನು' ಇದ್ದಾನಾ ನೋಡಿ

16 ವರ್ಷ ದಾಟಿದ ಮೇಲೆ ಪೌರತ್ವ ಪಡೆದವರಲ್ಲಿ ಒಬ್ಬನನ್ನು ಮಾತ್ರ ತಂಡಕ್ಕೆ ಹಾಕಿಕೊಳ್ಳಬಹುದು. ನಮ್ಮ ಖಂಡದಲ್ಲಿ ಈ ಒಬ್ಬನೇ ಎಷ್ಟೋ ಪಂದ್ಯಗಳನ್ನು ತಿರುಗಿಸುತ್ತಾನೆ. 2023ರಲ್ಲಿ ಜೋರ್ಡಾನ್‌ಗೆ ಎನ್‌ಬಿಎ ಆಡಿದ್ದ ರಾಂಡೇ ಹೋಲಿಸ್ ಜೆಫರ್ಸನ್ ಇದ್ದರು. ಫಿಲಿಪ್ಪೀನ್ಸ್‌ಗೆ ಜೋರ್ಡಾನ್ ಕ್ಲಾರ್ಕ್‌ಸನ್. ಅವರ ತಾಯಿಯ ಕಡೆಯವರು ಫಿಲಿಪ್ಪೀನ್ಸ್ ಮೂಲದವರೇ, ಆದರೂ ಈ ನಿಯಮದಲ್ಲೇ ಆಡಬೇಕಾಯಿತು.

ಭಾರತಕ್ಕೆ ಈ ದಾರಿಯಿಲ್ಲ ಅಂದರೂ ಸರಿ. ಭಾರತೀಯ ಪಾಸ್‌ಪೋರ್ಟ್ ಇದ್ದವರೇ ದೇಶಕ್ಕೆ ಆಡಬೇಕು, ಎರಡು ಪೌರತ್ವ ನಮ್ಮಲ್ಲಿ ಇಲ್ಲ. ಅಮೆರಿಕದ ಕಾಲೇಜುಗಳಲ್ಲಿ ಆಡುವ ಭಾರತೀಯ ಮೂಲದ ಹುಡುಗರಿದ್ದಾರೆ. ಅವರು ಆ ಪಾಸ್‌ಪೋರ್ಟ್ ಬಿಟ್ಟು ಬರಬೇಕು. ಯಾರು ಬಿಡುತ್ತಾರೆ ಹೇಳಿ? 2019ರ ಅಕ್ಟೋಬರ್‌ನಲ್ಲಿ ವರ್ಲಿಯ ಎನ್‌ಎಸ್‌ಸಿಐ ಡೋಮ್‌ನಲ್ಲಿ ಸ್ಯಾಕ್ರಮೆಂಟೊ ಕಿಂಗ್ಸ್, ಇಂಡಿಯಾನಾ ಪೇಸರ್ಸ್ ಬಂದು ಎರಡು ಪಂದ್ಯ ಆಡಿದವಲ್ಲ. ಆ ಕಿಂಗ್ಸ್ ತಂಡದ ಮಾಲೀಕ ವಿವೇಕ್ ರಣದಿವೆ ನಮ್ಮ ಮುಂಬೈಯಲ್ಲೇ ಹುಟ್ಟಿದವರು. ಎನ್‌ಬಿಎ ತಂಡದ ಮಾಲೀಕನನ್ನು ಕೊಟ್ಟ ಊರಿನಿಂದ ವಿಶ್ವಕಪ್ ಆಟಗಾರ ಇನ್ನೂ ಹೊರಟಿಲ್ಲ.

ಹಾಗೆಂದು ನಮ್ಮವರಿಗೆ ಕೈಲಾಗದು ಅಂತಲ್ಲ. 2014ರಲ್ಲಿ ವುಹಾನ್‌ನಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಭಾರತ ಚೀನಾವನ್ನು ಅವರ ಮನೆಯಲ್ಲೇ 65-58ರಿಂದ ಸೋಲಿಸಿದೆ. ನಂಬಿಕೆ ಕಡಿಮೆಯಾದಾಗಲೆಲ್ಲ ನಾನು ಆ ಸ್ಕೋರು ನೆನಪಿಸಿಕೊಳ್ಳುತ್ತೇನೆ.

ಹಂತ 9: ಒಲಿಂಪಿಕ್ಸ್ ಬಗ್ಗೆ ಎರಡು ಮಾತು

ಅಲ್ಲಿ ಬರೀ 12 ತಂಡ, ಬಾಗಿಲು ಇನ್ನೂ ಚಿಕ್ಕದು. ಪ್ಯಾರಿಸ್ 2024ಕ್ಕೆ ಆತಿಥೇಯ ಫ್ರಾನ್ಸ್ ಒಂದು. 2023ರ ವಿಶ್ವಕಪ್‌ನಿಂದ ನೇರವಾಗಿ ಏಳು: ಯೂರೋಪಿನ ಇಬ್ಬರು, ಅಮೆರಿಕ ಖಂಡಗಳ ಇಬ್ಬರು, ಏಷ್ಯಾ, ಆಫ್ರಿಕಾ, ಓಶಿಯಾನಿಯಾದಿಂದ ಒಬ್ಬೊಬ್ಬರು. ಏಷ್ಯಾದಿಂದ ಜಪಾನ್ ಹೋಯಿತು, ಆಫ್ರಿಕಾದಿಂದ 2011ರಲ್ಲಷ್ಟೇ ಸ್ವತಂತ್ರವಾದ ದಕ್ಷಿಣ ಸುಡಾನ್. ಉಳಿದ ನಾಲ್ಕು ಜಾಗಕ್ಕೆ ನಾಲ್ಕು ಊರುಗಳಲ್ಲಿ ನಾಲ್ಕು ಟೂರ್ನಿ, ಗೆದ್ದವರಿಗೆ ಮಾತ್ರ ಟಿಕೆಟ್. ಅಂದರೆ ಒಲಿಂಪಿಕ್ಸ್‌ನ ದಾರಿಯೂ ಹೆಚ್ಚುಕಡಿಮೆ ವಿಶ್ವಕಪ್ ಮೂಲಕವೇ ಹೋಗುತ್ತದೆ.

ಹಂತ 10: ಗಡಿಯಾರ ಸರಿಮಾಡಿಕೊಳ್ಳಿ

ಇದನ್ನು ಯಾರೂ ಹೇಳಿಕೊಡುವುದಿಲ್ಲ. ದೋಹಾ, ರಿಯಾದ್ ನಮಗಿಂತ ಎರಡೂವರೆ ಗಂಟೆ ಹಿಂದೆ. ಅಲ್ಲಿ ಸಂಜೆ 7 ಅಂದರೆ ನಮಗೆ ರಾತ್ರಿ 9.30. ಮನಿಲಾ ಎರಡೂವರೆ ಗಂಟೆ ಮುಂದೆ, ಅಲ್ಲಿಯ 7.30 ನಮಗೆ ಸಂಜೆ 5. ಬೈರೂತ್ ಮೋಸ ಮಾಡುತ್ತದೆ. ಬೇಸಿಗೆಯಲ್ಲಿ ಎರಡೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಮೂರೂವರೆ. ಅವರು ಗಡಿಯಾರ ತಿರುಗಿಸುತ್ತಾರೆ. ಒಂದು ಸಲ ಫೆಬ್ರವರಿಯಲ್ಲಿ ನಾನು ದೋಹಾ ಲೆಕ್ಕದಲ್ಲೇ ರಾತ್ರಿ 8.30ಕ್ಕೆ ಊಟದ ತಟ್ಟೆ ಹಿಡಿದು ಕೂತೆ. ಒಂದು ಗಂಟೆ ಖಾಲಿ ಪರದೆ ನೋಡಿದೆ. ಆಟ ಶುರುವಾಗುವಾಗ ಕೈ ಒಣಗಿತ್ತು.

ಪಂದ್ಯಗಳು ಫಿಬಾದ ಕೋರ್ಟ್‌ಸೈಡ್ 1891 ಎಂಬ ಆನ್‌ಲೈನ್ ವೇದಿಕೆಯಲ್ಲಿ ಬರುತ್ತವೆ. ಮೊದಲೇ ಖಾತೆ ತೆರೆದಿಟ್ಟುಕೊಳ್ಳಿ, ಚೆಂಡು ಮೇಲಕ್ಕೆ ಎಸೆಯುವ ಹೊತ್ತಿಗೆ ಪಾಸ್‌ವರ್ಡ್ ಹುಡುಕಬೇಡಿ.

ನೋಟ್‌ಬುಕ್ಕಿನಲ್ಲಿ ಪ್ರತಿ ಗುಂಪಿಗೆ ಒಂದು ಪುಟ ಬಿಡಿ. ಎಡಗಡೆ ನಾಲ್ಕು ಹೆಸರು, ಮೇಲೆಯೂ ಅದೇ ನಾಲ್ಕು ಹೆಸರು, ನಡುವೆ ಚೌಕ. ಪ್ರತಿ ಚೌಕದಲ್ಲಿ ಸ್ಕೋರು ಬರೆಯಿರಿ, ಬರೀ ಗೆಲುವು ಸೋಲು ಬರೆದರೆ ಸಾಲದು. ಕೊನೆಯ ವಿಂಡೋ ಬಂದಾಗ ಯಾರು ಎಷ್ಟರಿಂದ ಗೆಲ್ಲಬೇಕು ಎಂದು ಆ ಪುಟವೇ ಹೇಳುತ್ತದೆ. ಟಿವಿಯಲ್ಲಿ ಮಾತಾಡುವವರಿಗಿಂತ ಮೊದಲು ನಿಮಗೆ ಗೊತ್ತಾಗುತ್ತದೆ.

ಅಕ್ಕನ ಮಗ ಈಗ ಕಾಲೇಜು. ಮೊನ್ನೆ ಬಂದವನು ನನ್ನ ನೋಟ್‌ಬುಕ್ ತೆಗೆದು ಡಿ ಗುಂಪಿನ ಪುಟ ನೋಡಿದ. ಎಲ್ಲ ಚೌಕ ಕೂಡಿಸಿ, 'ಮಾಮ, ಸೊನ್ನೆ ಬರ್ತಿಲ್ಲ' ಎಂದ. ರಬ್ಬರ್ ಎಲ್ಲಿದೆ ಎಂದು ಹುಡುಕುತ್ತಿದ್ದೇನೆ.